ಎಣಿಸದೆ ಹೇಳಿದ ಇಪ್ಪತ್ತನಾಲ್ಕು

"ನನ್ನ ಟ್ರಾನ್ಸ್‌ಫಾರ್ಮರನ್ನ ಸಾಯಿಸಿದ್ದು ಯಾರು ಅಂತ ಗೊತ್ತಾಗಬೇಕು."

ಬಾಗಿಲಲ್ಲಿ ನಿಂತವನ ಬೂಟಿಗೆ ಜಲ್ಲಿಯ ಬಿಳಿ ಧೂಳು ಮೆತ್ತಿತ್ತು. ಕೈಯಲ್ಲಿ ಸುರುಳಿ ಸುತ್ತಿದ ವರದಿ. ಕೋಣೆಯಲ್ಲಿದ್ದ ಆರು ಜನ ಒಟ್ಟಿಗೆ ತಲೆ ಎತ್ತಿದರು. ಅವರಲ್ಲಿ ಐದು ಜನ ಒಟ್ಟಿಗೆ ಆರನೆಯವಳ ಕಡೆ ನೋಡಿದರು.

"ನಾನೇ ಇರಬೇಕು," ಅಂದಳು ಅವಳು. "ಯಾವ ಟ್ರಾನ್ಸ್‌ಫಾರ್ಮರ್?"

"ಎರಡನೇದು. ನೀವು ಅದರ ಮೇಲೆ ಅಡ್ಡಗೆರೆ ಎಳೆದು 'ಸೇವೆಯಲ್ಲಿಲ್ಲ' ಅಂತ ಬರ್ದಿದ್ದೀರಿ. ಇವತ್ತು ಬೆಳಿಗ್ಗೆ ತಾನೇ ಅದರ ಪಕ್ಕ ನಿಂತು ಬಂದಿದ್ದೀನಿ ಮೇಡಂ. ಬೆಚ್ಚಗಿದೆ. ಗುಂಯ್ ಅಂತಿದೆ. ಸತ್ತೋರು ಗುಂಯ್ ಅನ್ನಲ್ಲ."

ಪಕ್ಕದ ಮೇಜಿನ ಗೆಳತಿ ಬಾಯಿಗೆ ಕೈ ಅಡ್ಡ ಹಿಡಿದಳು.

ಅವಳ ಕೆಲಸವೇ ಅದು. ಇಡೀ ವಿದ್ಯುತ್ ಜಾಲವನ್ನು ಸಾಫ್ಟ್‌ವೇರಿನೊಳಗೆ ಕಟ್ಟಿಟ್ಟುಕೊಳ್ಳುವುದು. ಪ್ರತಿಯೊಂದು ಲೈನು, ಸ್ಟೇಷನ್ನು, ಊರೂರಿನ ಲೋಡು. ಆಮೇಲೆ ಅದನ್ನು ಕೇಳುವುದು: ಈ ಲೈನ್ ತೆಗೆದರೆ ಏನಾಗುತ್ತೆ? ಎರಡು ಸೆಕೆಂಡಿನಲ್ಲಿ ಅದು ಉತ್ತರ ಹೇಳುತ್ತದೆ. ಅದು ಆಗಬಹುದು ಅನ್ನುವವರೆಗೆ ಹೊರಗಿನ ನಿಜವಾದ ಸ್ವಿಚ್ಚನ್ನು ಯಾರೂ ಮುಟ್ಟುವಂತಿಲ್ಲ.

ಕಡತ ತೆರೆದು ನೋಡಿದಳು. ಎರಡು ವರ್ಷದ ಹಿಂದೆ ಆ ಟ್ರಾನ್ಸ್‌ಫಾರ್ಮರ್ ರಿಪೇರಿಗೆ ಹೋದ ಪತ್ರ ಇತ್ತು. ವಾಪಸ್ ಬಂದ ಪತ್ರ ಇರಲಿಲ್ಲ. ಒಂದು ಕ್ಲಿಕ್ ಒತ್ತಿದಳು. ಪರದೆಯ ಮೇಲೆ ಬೂದು ಬಣ್ಣ ಹೋಗಿ ಹಸಿರು ಬಂತು.

"ಬದುಕಿಸಿದ್ದೀನಿ. ಸಾಕಾ?"

ಅವನು ಬಗ್ಗಿ ನೋಡಿದ. ಅವನ ಮುಖದ ಸಿಟ್ಟು ನಿಧಾನಕ್ಕೆ ನಿರಾಸೆಯಾಯಿತು. "ಇಷ್ಟೇನಾ? ನನ್ನ ಸ್ಟೇಷನ್ ಅಂದ್ರೆ ಒಂದು ಗೆರೆ, ನಾಲ್ಕು ಸೊನ್ನೆನಾ? ಅಲ್ಲಿ ದೊಡ್ಡ ಮರ ಇದೆ. ಹದಿನಾಲ್ಕು ಜನ ಇದ್ದೀವಿ. ಒಂದು ಬೆಕ್ಕಿದೆ."

"ಬೆಕ್ಕಿನ ಲೋಡ್ ಎಷ್ಟು?" ಅವಳು ಕೀಬೋರ್ಡ್ ಮೇಲೆ ಬೆರಳಿಟ್ಟು ಗಂಭೀರವಾಗಿ ಕೇಳಿದಳು.

ಅವನು ಒಂದು ಕ್ಷಣ ಅವಳನ್ನೇ ನೋಡಿದ. ಮೊದಲು ನಕ್ಕಿದ್ದು ಅವನ ಕಣ್ಣು, ಆಮೇಲೆ ಅವನು.

ಅವನು ಹೋದ ಮೇಲೆ ಗೆಳತಿ ಕುರ್ಚಿ ತಿರುಗಿಸಿದಳು. "ಮೂರು ವರ್ಷ ಆಯ್ತು ಕಣೇ, ನೀನು ಆಫೀಸಿನಲ್ಲಿ ತಮಾಷೆ ಮಾಡಿದ್ದು ನೋಡಿ."

ಅದು ನಿಜ. ಮೂರು ವರ್ಷದ ಹಿಂದೆ ಅವಳ ಇಂಥದ್ದೇ ಒಂದು ಲೆಕ್ಕ, ಅವರ ಮಾತಿನಲ್ಲಿ ಸ್ಟಡಿ, ಕೈಕೊಟ್ಟಿತ್ತು. ಅವಳು ಆಗಬಹುದು ಅಂದ ಲೈನ್ ಹೊರೆ ತಡೆಯಲಾರದೆ ಬಿದ್ದು, ಅರ್ಧ ನಗರ ನಾಲ್ಕು ಗಂಟೆ ಕತ್ತಲಲ್ಲಿ ಕೂತಿತ್ತು. ಯಾರಿಗೂ ಏನೂ ಆಗಲಿಲ್ಲ. ವಿಚಾರಣೆಯಲ್ಲೂ ತಪ್ಪು ಅವಳೊಬ್ಬಳದಲ್ಲ ಅಂತಲೇ ಬಂತು. ಆದರೆ ಆ ವರದಿಯ ಕೆಳಗೆ ಇದ್ದದ್ದು ಅವಳ ಸಹಿ. ಅಂದಿನಿಂದ ಅವಳ ಬಾಯಲ್ಲಿ 'ಖಂಡಿತ' ಅನ್ನುವ ಮಾತೇ ಹೋಯಿತು. ಎಲ್ಲಕ್ಕೂ 'ಆಗಬಹುದು', 'ನೋಡೋಣ', 'ಇನ್ನೊಂದು ಸಲ ಓಡಿಸ್ತೀನಿ'.

ಅಪ್ಪ ಪ್ರೆಸ್ಸಿನಲ್ಲಿ ಮೂವತ್ತು ವರ್ಷ ಕರಡು ತಿದ್ದಿ ನಿವೃತ್ತರಾದವರು. ಮನೆಯಲ್ಲಿ ಇರುವುದು ಅಪ್ಪ, ಮಗಳು ಇಬ್ಬರೇ. "ಎಷ್ಟೇ ಕಣ್ಣಿಟ್ಟು ಓದಿದ್ರೂ ಒಂದು ತಪ್ಪು ಅಚ್ಚಾಗೇ ಬಿಡುತ್ತೆ ಮಗಳೇ," ಅಂತ ಅವರು ಸಮಾಧಾನ ಹೇಳುತ್ತಿದ್ದರು. "ಹಾಗಂತ ಪುಸ್ತಕಾನೇ ಮಾಡದೆ ಕೂರೋಕಾಗುತ್ತಾ?" ಕೊನೆಯ ಮಾತು ಕೆಲಸದ ಬಗ್ಗೆ ಮಾತ್ರ ಅಲ್ಲ ಅಂತ ಅವಳಿಗೆ ಗೊತ್ತಿತ್ತು. ಗೊತ್ತಿಲ್ಲದವಳಂತೆ ತಟ್ಟೆ ಎತ್ತಿಕೊಂಡು ಏಳುತ್ತಿದ್ದಳು.

ಅವನ ಸ್ಟೇಷನ್ನಿಗೆ ಎರಡು ಲೈನಿನಿಂದ ವಿದ್ಯುತ್ ಬರುತ್ತಿತ್ತು. ಒಂದರ ತಂತಿ ಹಳೆಯದಾಗಿ, ಹೊಸದು ಎಳೆಯಬೇಕಾಗಿತ್ತು. ಅದಕ್ಕೆ ಒಂದು ಇಡೀ ಹಗಲು ಆ ಲೈನ್ ಬಂದ್. ಅಷ್ಟು ಹೊತ್ತೂ ಉಳಿದ ಒಂದೇ ಲೈನು ನಲವತ್ತು ಸಾವಿರ ಮನೆ, ಒಂದು ಬಟ್ಟೆ ಗಿರಣಿ, ಒಂದು ದೊಡ್ಡ ಆಸ್ಪತ್ರೆಯನ್ನು ಹೊರಬೇಕು. ಹೊರುತ್ತದೋ ಇಲ್ಲವೋ ಹೇಳಬೇಕಾದವಳು ಅವಳು.

ಹಾಗಾಗಿ ಫೋನುಗಳು ಶುರುವಾದವು. ಮೊದಲ ವಾರ ಕೆಲಸದ್ದೇ ಮಾತು. ಎರಡನೇ ವಾರ ಕೆಲಸದ ಮಾತು ಮುಗಿದ ಮೇಲೂ ಇಬ್ಬರೂ ಫೋನ್ ಇಡುತ್ತಿರಲಿಲ್ಲ.

"ಮೇಡಂ, ನಿನ್ನೆ ನೀವು ಹೇಳಿದ ಅಂಕಿ ತಪ್ಪು."

"ಹೌದಾ? ಯಾವುದು?" ಅವಳು ಕಡತಕ್ಕೆ ಕೈ ಹಾಕಿದಳು.

"ಹನ್ನೊಂದಕ್ಕೆ ಫೋನ್ ಮಾಡ್ತೀನಿ ಅಂದಿದ್ರಿ. ಹನ್ನೊಂದೂಕಾಲು ಆಯ್ತು."

"ಅಯ್ಯೋ, ಹೀಗೆಲ್ಲ ಹೆದರಿಸ್ಬೇಡಿ!"

ಗೆಳತಿಯ ಬಾಯಲ್ಲಿ ಅವನಿಗೆ ಆಗಲೇ ಹೆಸರು ಬಿದ್ದಿತ್ತು. "ಏ, ನಿನ್ನ ಟ್ರಾನ್ಸ್‌ಫಾರ್ಮರ್ ಲೈನಲ್ಲಿದೆ, ಎತ್ತು."

ಮೂರನೇ ವಾರ ಅವಳು ಸ್ಟೇಷನ್ನಿಗೆ ಹೋದಳು. ನೇಮ್‌ಪ್ಲೇಟುಗಳನ್ನು ಕಣ್ಣಾರೆ ನೋಡಿ ಯಂತ್ರಗಳ ವಿವರ ಬರೆದುಕೊಳ್ಳಬೇಕು ಅಂತ ಕಾರಣ. ಅವನು ತನ್ನ ಕರವಸ್ತ್ರದಿಂದ ಒಂದೊಂದನ್ನೇ ಒರೆಸಿ ತೋರಿಸಿದ. ಹೆಲ್ಮೆಟ್ ಅವಳಿಗೆ ದೊಡ್ಡದಾಗಿ ಮತ್ತೆ ಮತ್ತೆ ಕಣ್ಣಿನ ಮೇಲೆ ಜಾರುತ್ತಿತ್ತು. ಅವನು ಕೈ ಚಾಚಿ, ಮುಟ್ಟದೆ ನಿಲ್ಲಿಸಿ, "ಹಿಂದಗಡೆ ಒಂದು ತಿರುಪು ಇದೆ, ಬಿಗಿ ಮಾಡ್ಕೊಳ್ಳಿ" ಅಂದ. ಆ ಅರ್ಧಕ್ಕೇ ನಿಂತ ಕೈ ಅವಳಿಗೆ ಇಡೀ ದಿನ ನೆನಪಿತ್ತು.

ಬೇಲಿಯಾಚೆ ಕಬ್ಬಿಣದ ಡಬ್ಬಗಳು ಮೂರು ಸಾಲಾಗಿ ನಿಂತಿದ್ದವು. ಕೆಪಾಸಿಟರುಗಳು. ವೋಲ್ಟೇಜ್ ಕುಸಿಯುವಾಗ ಕೆಳಗಿಂದ ಆತು ಹಿಡಿಯುವುದು ಇವೇ.

ಒಳಗೆ ಬಂದು ಕಾಫಿಗೆ ಕೂತ ಮೇಲೆ ಅವಳು ಪೆನ್ನು ತೆಗೆದಳು. "ಕೆಪಾಸಿಟರ್ ಎಷ್ಟಿವೆ?"

"ಇಪ್ಪತ್ತನಾಲ್ಕು."

"ಬೋರ್ಡಲ್ಲಿ ಹಾಗಿದೆಯಾ, ನೀವೇ ಎಣಿಸಿದ್ದಾ?"

"ಎಣಿಸಿದ್ದು," ಅಂದ ಅವನು, ಲೋಟಕ್ಕೆ ಸಕ್ಕರೆ ಹಾಕುತ್ತಾ.

ಆಫೀಸಿನ ಗಾಡಿ ಅವಳನ್ನು ಕರೆದೊಯ್ಯಲು ಬಂದಾಗ ಅವನು ಅದರ ಬಾಗಿಲು ಹಿಡಿದು ನಿಂತ. "ಈ ಕೆಲಸ ಮುಗಿದ ಮೇಲೆ ನಾನು ನಿಮಗೆ ಫೋನ್ ಮಾಡೋಕೆ ಏನು ಕಾರಣ ಇರುತ್ತೆ?"

ಉತ್ತರ ಅವಳ ನಾಲಿಗೆಯ ತುದಿಯಲ್ಲಿತ್ತು. ಆದರೆ ಬಂದ ಮಾತೇ ಬೇರೆ. "ಇನ್ನೊಂದು ಸ್ಟಡಿ ಬಂದೇ ಬರುತ್ತೆ, ನೋಡೋಣ."

"ಆಯ್ತು," ಅಂದ ಅವನು. ಬಾಗಿಲನ್ನು ಮೆತ್ತಗೆ ಹಾಕಿದ. ದಾರಿಯುದ್ದಕ್ಕೂ ಅವಳು ತನ್ನನ್ನು ತಾನೇ ಬೈದುಕೊಂಡಳು.

ಕೆಲಸದ ದಿನ ಎರಡು ಸಲ ಗಾಳಿಮಳೆಯಿಂದ ಮುಂದೆ ಹೋಯಿತು. ಮೂರನೇ ಸಲ ಗಟ್ಟಿಯಾಯಿತು. ಆ ದಿನ ಬೆಳಿಗ್ಗೆ ಎಂಟಕ್ಕೆ ಲೈನ್ ಬಂದ್ ಆಯಿತು. ಅವಳು ನಿಯಂತ್ರಣ ಕೊಠಡಿಯಲ್ಲಿ ಲ್ಯಾಪ್‌ಟಾಪ್ ತೆರೆದು ಕೂತಿದ್ದಳು. ಎದುರಿನ ಗೋಡೆಯ ಮೇಲೆ ಅವನ ಸ್ಟೇಷನ್ನಿನ ವೋಲ್ಟೇಜ್ ದೊಡ್ಡ ಅಕ್ಷರದಲ್ಲಿ ಕಾಣುತ್ತಿತ್ತು. ಹತ್ತು ಗಂಟೆಗೆ ನೂರಕ್ಕೆ ತೊಂಬತ್ತಾರು. ಅವಳ ಲೆಕ್ಕಕ್ಕಿಂತ ಒಂದಿಷ್ಟು ಕಡಿಮೆ. ಇರಲಿ ಅಂದುಕೊಂಡಳು.

ಮಧ್ಯಾಹ್ನ ಬಿಸಿಲೇರಿತು. ಒಂದೂವರೆಗೆ ಅವಳ ಪರದೆ ತೊಂಬತ್ತೈದು ಅನ್ನುತ್ತಿದ್ದರೆ ಗೋಡೆ ತೊಂಬತ್ತೆರಡು ಅನ್ನುತ್ತಿತ್ತು. ಮೂರು ಗಂಟೆಗೆ ಲೋಡ್ ಇನ್ನೂ ಏರುವುದಿತ್ತು. ತೊಂಬತ್ತಕ್ಕೆ ಇಳಿದರೆ ರಕ್ಷಣಾ ಯಂತ್ರ ಯಾರ ಮಾತೂ ಕೇಳುವುದಿಲ್ಲ. ತಾನೇ ಎಲ್ಲವನ್ನೂ ಕಡಿದುಹಾಕುತ್ತದೆ.

"ಏನಮ್ಮಾ ಇದು?" ಅವಳ ಹಿಂದೆ ಬಂದು ನಿಂತ ಮುಖ್ಯ ಎಂಜಿನಿಯರ್ ದನಿ ತಗ್ಗಿಸಿ ಕೇಳಿದರು.

"ನೋಡ್ತಿದ್ದೀನಿ ಸರ್." ಮೂರು ವರ್ಷದ ಹಿಂದಿನ ಆ ದಿನ ನೆನಪಾಯಿತು.

ಲೋಡ್ ಹೆಚ್ಚಾಗಿದೆಯಾ? ಇಲ್ಲ, ಅದು ಅಂದಾಜಿಗೆ ಸರಿಯಾಗಿತ್ತು. ಲೈನಿನ ಉದ್ದ ತಪ್ಪಾ? ಅದೂ ಅಲ್ಲ. ಹೊರೆಯೆಲ್ಲ ಸರಿಯಿದೆ ಅಂದ್ರೆ ಆತು ಹಿಡಿಯೋರು ಯಾರೋ ಕಡಿಮೆ ಇದ್ದಾರೆ ಅನ್ನಿಸಿತು ಅವಳಿಗೆ. ಕೆಪಾಸಿಟರ್ ಇಪ್ಪತ್ತೆರಡು ಅಂತ ಹಾಕಿ ಓಡಿಸಿದಳು. ಇಪ್ಪತ್ತು. ಹದಿನೆಂಟು. ಪರದೆ ತೊಂಬತ್ತೆರಡಕ್ಕೆ ಬಂದು ನಿಂತಿತು. ಗೋಡೆಯ ಮೇಲಿದ್ದದ್ದೂ ಅದೇ.

ಫೋನೆತ್ತಿದಳು. "ಆ ಇಪ್ಪತ್ತನಾಲ್ಕನ್ನ ನೀವು ನಿಜವಾಗ್ಲೂ ಎಣಿಸಿದ್ರಾ?"

ಆ ಕಡೆಯಿಂದ, ಬಹಳ ಸಣ್ಣಗೆ, "ಇಲ್ಲ."

"ಈಗ ಎಣಿಸಿ."

ಜಲ್ಲಿಯ ಮೇಲೆ ಬೂಟು ಓಡುವ ಸದ್ದು ಕೇಳಿಸಿತು. ಏದುಸಿರು. "ಹದಿನೆಂಟು. ಒಂದೊಂದು ಸಾಲಲ್ಲೂ ಎರಡೆರಡು ಇಲ್ಲ. ನನಗಿಂತ ಮುಂಚೆ ಇದ್ದೋರು ಕೆಟ್ಟಿದ್ದನ್ನ ತೆಗೆದು, ಮೂರು ಸಾಲೂ ಸಮ ಮಾಡಿದ್ದಾರೆ. ಬೋರ್ಡ್ ಬದಲಾಯಿಸಿಲ್ಲ." ಉಸಿರೆಳೆದುಕೊಂಡ. "ಏನ್ ಮಾಡ್ಬೇಕು ಹೇಳಿ, ಮಾಡ್ತೀನಿ."

ಬಂದ್ ಮಾಡಿದ ಲೈನನ್ನು ವಾಪಸ್ ಕೊಡುವಂತಿರಲಿಲ್ಲ. ಟವರುಗಳ ಮೇಲೆ ಹದಿನಾರು ಜನ ಇದ್ದರು, ತಂತಿ ಅರ್ಧ ಎಳೆದಿತ್ತು. ಮುಖ್ಯ ಎಂಜಿನಿಯರ್ ಗಡಿಯಾರ ನೋಡಿದರು. "ಹಾಗಾದ್ರೆ ಅರ್ಧ ಏರಿಯಾಗೆ ಕರೆಂಟ್ ತೆಗೆಸ್ತೀನಿ. ಬೇರೆ ದಾರಿ ಇಲ್ಲ."

"ಐದು ನಿಮಿಷ ಕೊಡಿ ಸರ್." ಅವಳು ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟಳು.

ಗಿರಣಿಯನ್ನೂ ಅದರ ಸುತ್ತಲಿನ ಬೀದಿಗಳನ್ನೂ ಪಕ್ಕದ ಸ್ಟೇಷನ್ನಿನ ಹೆಗಲಿಗೆ ದಾಟಿಸಿದರೆ? ಹದಿನೆಂಟನ್ನೇ ಇಟ್ಟುಕೊಂಡು ಓಡಿಸಿದಳು. ಅವನ ಸ್ಟೇಷನ್ ತೊಂಬತ್ತೈದಕ್ಕೆ ಏರಿತು. ಪಕ್ಕದ್ದಕ್ಕೆ ಹೊರೆ ಹೆಚ್ಚಾದರೂ ಮಿತಿಯೊಳಗೇ ಇತ್ತು. ಮೂರು ಗಂಟೆಯ ಲೋಡ್ ಹಾಕಿ ಇನ್ನೊಂದು ಸಲ ಓಡಿಸಿದಳು. ಆಗಲೂ ನಿಂತಿತು. ಮೂರನೇ ಸಲಕ್ಕೆ ಬೆರಳು ತಾನೇ ಹೋಯಿತು. ಗೋಡೆಯ ಮೇಲೆ ತೊಂಬತ್ತೊಂದು ಬಂತು.

"ಖಂಡಿತಾನಾ?" ಮುಖ್ಯ ಎಂಜಿನಿಯರ್ ಕೇಳಿದರು.

ಅವಳು ಬೆರಳನ್ನು ಕೀಬೋರ್ಡಿನಿಂದ ಎತ್ತಿದಳು. "ಖಂಡಿತ ಸರ್."

ಸ್ಪೀಕರಿನ ಕಡೆ ಬಗ್ಗಿ ಅವನಿಗೆ ಹೇಳಿದಳು. "ಮೊದಲು ಪಕ್ಕದವರು ಸ್ವಿಚ್ ಹಾಕ್ತಾರೆ. ಹಾಕಿದ್ದಾಯ್ತು ಅಂತ ಅವರು ಹೇಳಿದ ಮೇಲೆ ನೀವು ಗಿರಣಿ ಕಡೆಯದು ತೆಗೀರಿ. ಮುಂಚೆ ಬೇಡ."

"ಆಯ್ತು." ಯಾಕೆ ಅಂತ ಕೇಳಲಿಲ್ಲ. ಇನ್ನೊಂದು ಸಲ ನೋಡಿ ಅಂತಲೂ ಅನ್ನಲಿಲ್ಲ.

ಪಕ್ಕದ ಸ್ಟೇಷನ್ ಹಾಕಿತು. ಅವನು ತೆಗೆದ. ಗೋಡೆಯ ಅಂಕಿ ಒಂದು ಕ್ಷಣ ಹಾಗೇ ನಿಂತಿತ್ತು. ಆಮೇಲೆ ತೊಂಬತ್ಮೂರು. ತೊಂಬತ್ನಾಲ್ಕು. ತೊಂಬತ್ತೈದು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಆದರೆ ಕೊಠಡಿಯಲ್ಲಿದ್ದವರೆಲ್ಲ ಒಟ್ಟಿಗೆ ಉಸಿರು ಬಿಟ್ಟದ್ದು ಅವಳಿಗೆ ಕೇಳಿಸಿತು. ಜೊತೆಗೆ ಬಂದಿದ್ದ ಗೆಳತಿ ನೀರಿನ ಬಾಟಲಿ ಮುಂದೆ ಇಟ್ಟಳು. ಮುಚ್ಚಳವನ್ನೂ ತಾನೇ ತೆಗೆದುಕೊಟ್ಟಳು.

"ಈ ಇಪ್ಪತ್ತನಾಲ್ಕು ಯಾರ ಲೆಕ್ಕ?" ಮುಖ್ಯ ಎಂಜಿನಿಯರ್ ಕೇಳಿದರು.

"ಸ್ಟಡಿ ನನ್ನದು ಸರ್. ಸಹಿ ನನ್ನದು."

ಸ್ಪೀಕರ್ ಇನ್ನೂ ಚಾಲೂ ಇತ್ತು. ಅದರೊಳಗಿಂದ ಅವನ ದನಿ ಬಂತು. "ಸರ್, ಅವರು ಕೇಳಿದ್ರು. ಎಣಿಸಿದ್ದೀನಿ ಅಂತ ಸುಳ್ಳು ಹೇಳಿದ್ದು ನಾನು."

ಮುಖ್ಯ ಎಂಜಿನಿಯರ್ ಕನ್ನಡಕ ತೆಗೆದು ಒರೆಸಿಕೊಂಡರು. "ಇಬ್ಬರೂ ಸೇರಿ ಒಂದು ವರದಿ ಬರೀರಿ. ಒಂದೇ ಸಾಕು. ತಪ್ಪು ನಂದು ತಪ್ಪು ನಂದು ಅಂತ ಜಗಳ ಆಡೋದಿದ್ರೆ ಅದನ್ನ ಬೇರೆ ಕಡೆ ಇಟ್ಕೊಳ್ಳಿ."

ಮೂರೂವರೆಗೆ, ಲೋಡ್ ತುತ್ತತುದಿ ದಾಟಿದ ಮೇಲೆ ಅವಳು ಮತ್ತೆ ಫೋನ್ ಮಾಡಿದಳು. ಸ್ವಲ್ಪ ರೇಗಬೇಕು ಅಂತಲೇ ಮಾಡಿದ್ದಳು. ಎತ್ತಿದ್ದು ಅಲ್ಲಿನ ಹಿರಿಯ ಆಪರೇಟರ್.

"ಸಾಹೇಬ್ರು ಹೊರಗೆ ಮೆಟ್ಟಿಲ ಮೇಲೆ ಕೂತಿದ್ದಾರಮ್ಮ. ಈಗ ಮಾತಾಡಿಸೋದು ಬೇಡ ಅನ್ಸುತ್ತೆ. ತಾಯಿಗೆ ಇವತ್ತು ಹಾರ್ಟ್ ಆಪರೇಷನ್ ಅಲ್ವಾ, ತಂಗಿ ಫೋನಿಗೆ ಕಾಯ್ತಿದ್ದಾರೆ."

"ಯಾವ ಆಸ್ಪತ್ರೆ?" ಅಂತ ಕೇಳಿದಳು. ಕೇಳುವಾಗಲೇ ಉತ್ತರ ಗೊತ್ತಾಗಿತ್ತು. ಅವಳ ಪರದೆಯ ಮೇಲೆ ಅದೊಂದು ಪುಟ್ಟ ಬಾಣ, ಪಕ್ಕದಲ್ಲೊಂದು ಅಂಕಿ. ಬೆಳಗಿನಿಂದ ಆ ಬಾಣದ ಮೇಲೆ ಎಷ್ಟು ಸಲ ಕಣ್ಣು ಹಾಯಿಸಿದ್ದಳೋ.

ಲೈನ್ ವಾಪಸ್ ಬಂದು, ಗಿರಣಿ ಮತ್ತೆ ತನ್ನ ಜಾಗಕ್ಕೆ ಮರಳುವ ಹೊತ್ತಿಗೆ ಐದು ಗಂಟೆ. ಅವಳು ಮನೆಗೆ ಹೋಗಲಿಲ್ಲ. ಬಸ್ಸು ಹಿಡಿದು ಸೀದಾ ಆಸ್ಪತ್ರೆಗೆ ಹೋದಳು.

ಮೂರನೇ ಮಹಡಿಯ ಉದ್ದನೆಯ ಓಣಿಯಲ್ಲಿ, ಕಿಟಕಿ ಪಕ್ಕದ ಕುರ್ಚಿಗಳಲ್ಲಿ ಅಣ್ಣ ತಂಗಿ ಕೂತಿದ್ದರು. ಅವನ ಬೂಟಿನ ಧೂಳು ಸಾರಿಸಿದ ನೆಲದ ಮೇಲೆಲ್ಲ ಹೆಜ್ಜೆ ಮೂಡಿಸಿತ್ತು. ಅವಳನ್ನು ಕಂಡು ಎದ್ದು ನಿಂತ.

ತಂಗಿಯೇ ಹೇಳಿದಳು. "ಚೆನ್ನಾಗಾಯ್ತು. ನಾಲ್ಕು ಗಂಟೆಗೆ ಡಾಕ್ಟರ್ ಬಂದು ಹೇಳಿದ್ರು, ಏನೂ ಭಯ ಇಲ್ಲ ಅಂತ." ಆಮೇಲೆ ಅವಳನ್ನು ಮೇಲಿಂದ ಕೆಳಗೆ ನೋಡಿ, "ನೀವು ಆ ಕಂಪ್ಯೂಟರ್ ಮೇಡಂ ಅಲ್ವಾ?" ಅಂದಳು. ಉತ್ತರಕ್ಕೂ ಕಾಯದೆ, "ನಾನು ಕಾಫಿ ತರ್ತೀನಿ. ಕ್ಯಾಂಟೀನ್ ತುಂಬಾ ದೂರ ಇದೆ. ನಿಧಾನ ಆಗುತ್ತೆ," ಅಂತ ಹೊರಟೇಬಿಟ್ಟಳು. ಕ್ಯಾಂಟೀನು ಓಣಿಯ ಕೊನೆಯಲ್ಲೇ ಕಾಣುತ್ತಿತ್ತು.

ಅವಳು ಒಂದು ಕುರ್ಚಿ ಬಿಟ್ಟು ಕೂತಳು.

"ನನಗ್ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀವು ನಿದ್ದೆ ಮಾಡ್ತಿದ್ರಾ? ಆ ಸ್ಟಡಿನ ಇನ್ನೂ ನೂರು ಸಲ ಓಡಿಸ್ತಿದ್ರಿ." ಅವನು ಅಂಗೈ ನೋಡಿಕೊಂಡ. "ಆಪರೇಷನ್ ದಿನ ಮೊದಲೇ ಗೊತ್ತಾಗಿತ್ತು. ಲೈನಿನ ಕೆಲಸ ಹಿಂದೆ ಮುಂದೆ ಆಗಿ ಅದೇ ದಿನಕ್ಕೆ ಬಂತು. ರಜ ಹಾಕ್ತೀನಿ ಅಂದೆ. ಅಮ್ಮ ಬೈದ್ರು. ಡಾಕ್ಟರ್ ಕೆಲಸ ಡಾಕ್ಟರ್ ನೋಡ್ಕೋತಾರೆ, ನೀನಿಲ್ಲಿ ನಿಂತು ಏನ್ ಮಾಡ್ತೀಯ, ಹೋಗಿ ಕರೆಂಟ್ ನೋಡ್ಕೋ ಅಂದ್ರು."

"ಜನರೇಟರ್ ಇತ್ತಲ್ಲ ಇಲ್ಲಿ?"

"ಇತ್ತು. ನಿನ್ನೆ ನಾನೇ ಬಂದು ಮೂರು ಸಲ ಸ್ಟಾರ್ಟ್ ಮಾಡ್ಸಿದ್ದೀನಿ. ಕಾವಲಿನವರು ನನ್ನ ಆಚೆ ಕಳಿಸೋದೊಂದು ಬಾಕಿ." ನಗಲು ನೋಡಿದ. ನಗು ಅರ್ಧಕ್ಕೇ ಒಡೆಯಿತು. "ಆದ್ರೂ ತೊಂಬತ್ತೊಂದು ಕಂಡಾಗ ನನ್ನ ಕಾಲು ನಡುಗ್ತಿತ್ತು. ನೀವು ಖಂಡಿತ ಅಂದಿದ್ದು ಸ್ಪೀಕರಲ್ಲಿ ಕೇಳಿಸ್ತು. ಆಮೇಲೆ ನಿಂತಿತು."

ರೇಗಬೇಕು ಅಂದುಕೊಂಡು ಬಂದದ್ದೆಲ್ಲ ಎಲ್ಲಿ ಹೋಯಿತೋ. ಒಂದು ಪ್ರಶ್ನೆ ಮಾತ್ರ ಉಳಿದಿತ್ತು.

"ಆ ದಿನ ಎಣಿಸಿದ್ದು ಅಂತ ಯಾಕೆ ಅಂದ್ರಿ? ಐದು ನಿಮಿಷದ ಕೆಲಸ. ಅಲ್ಲೇ ಇತ್ತು ಬೇಲಿ."

ಅವನು ತಲೆ ತಗ್ಗಿಸಿದ. ಕಿವಿ ಕೆಂಪಾಯಿತು.

"ಹತ್ತು ನಿಮಿಷ. ಬೇಲಿ ಸುತ್ತು ಹೊಡೆದು ಮೂರು ಸಾಲೂ ಎಣಿಸ್ಬೇಕಿತ್ತು."

"ಸರಿ, ಹತ್ತು."

"ನಿಮ್ಮ ಗಾಡಿ ಬರೋಕೆ ಇದ್ದಿದ್ದೂ ಹತ್ತೇ ನಿಮಿಷ. ಎಣಿಸೋಕೆ ಹೋದ್ರೆ ಅಷ್ಟೂ ಹೊತ್ತು ಡಬ್ಬದ ಮುಖ ನೋಡ್ಬೇಕಾಗಿತ್ತು." ಇನ್ನೂ ಅವಳನ್ನು ನೋಡದೆಯೇ ಹೇಳಿದ. "ನನಗೆ ನಿಮ್ಮ ಎದುರು ಕೂತು ಕಾಫಿ ಕುಡೀಬೇಕು ಅನ್ನಿಸ್ತು. ಅಷ್ಟೇ. ಇದನ್ನ ವರದೀಲಿ ಹೇಗೆ ಬರೀಬೇಕೋ ಗೊತ್ತಿಲ್ಲ."

ಅವಳು ಮೊದಲು ನಕ್ಕಳೋ ಮೊದಲು ಅತ್ತಳೋ ಅವಳಿಗೇ ತಿಳಿಯಲಿಲ್ಲ. ಬೆಳಗಿನಿಂದ ಹಿಡಿದಿಟ್ಟದ್ದು, ಅಷ್ಟೇ ಯಾಕೆ, ಮೂರು ವರ್ಷದಿಂದ ಹಿಡಿದಿಟ್ಟದ್ದು ಒಟ್ಟಿಗೆ ಬಂತು. ಆಚೆಯಿಂದ ಹೋಗುತ್ತಿದ್ದ ನರ್ಸ್ ಒಂದು ಸಲ ನಿಂತು ನೋಡಿ, ನಗುವನ್ನು ಕಂಡು ಮುಂದೆ ಹೋದಳು.

"ನೀವು ಪೆದ್ದು," ಅಂದಳು ಕಣ್ಣೊರೆಸಿಕೊಳ್ಳುತ್ತಾ.

"ಹೌದು."

"ದೊಡ್ಡ ಅನಾಹುತ ಆಗ್ತಿತ್ತು."

"ಗೊತ್ತು. ಇನ್ನು ಜನ್ಮದಲ್ಲಿ ಎಣಿಸದೆ ಏನೂ ಹೇಳಲ್ಲ."

"ಮತ್ತೆ... ನಾನೂ ಒಂದು ಹೇಳ್ಬೇಕು." ಅವಳು ಬ್ಯಾಗಿನ ಪಟ್ಟಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. "ಆ ದಿನ ನಾನು ಸ್ಟೇಷನ್ನಿಗೆ ಬರಬೇಕಾಗೇ ಇರಲಿಲ್ಲ. ನೇಮ್‌ಪ್ಲೇಟ್‌ದು ಫೋಟೋ ತೆಗೆದು ಕಳಿಸಿ ಅಂದಿದ್ರೆ ಸಾಕಿತ್ತು. ಎಲ್ಲರ ಹತ್ರಾನೂ ಹಾಗೇ ತರಿಸ್ಕೊಳ್ಳೋದು."

ಈಗ ಅವನು ತಲೆ ಎತ್ತಿದ. ದಣಿದ, ಧೂಳು ಹಿಡಿದ ಮುಖ. ಆದರೆ ಆ ಕಣ್ಣು! ಅವಳಿಗೆ ನೋಡಲೂ ಆಗಲಿಲ್ಲ, ನೋಡದೆ ಇರಲೂ ಆಗಲಿಲ್ಲ.

"ಹಾಗಾದ್ರೆ ಗಾಡಿ ಹತ್ರ ನಾನು ಕೇಳಿದ್ದಕ್ಕೆ..."

"ಅದಕ್ಕೆ ನಾನು ಹೇಳಿದ್ದು ತಪ್ಪು ಉತ್ತರ. ನೀವು ಯಾವಾಗ ಬೇಕಾದ್ರೂ ಫೋನ್ ಮಾಡ್ಬಹುದು. ಕಾರಣ ಬೇಕಾಗಿಲ್ಲ."

ನಡುವಿನ ಖಾಲಿ ಕುರ್ಚಿಯನ್ನು ಅವನು ನೋಡಿದ. ಅವಳೇ ಎದ್ದು ಅದರಲ್ಲಿ ಕೂತಳು. ತಂಗಿ ಮೂರು ಕಾಫಿ ಹಿಡಿದು ಅರ್ಧ ದಾರಿ ಬಂದವಳು, ಮತ್ತೆ ತಿರುಗಿ ಕ್ಯಾಂಟೀನಿಗೇ ಹೋದಳು.

ಎಂಟು ದಿನದ ಮೇಲೆ ಅಮ್ಮನನ್ನು ಮನೆಗೆ ಕಳಿಸಿದರು. ಅಷ್ಟರೊಳಗೆ ಅವಳು ದಿನಾ ಸಂಜೆ ಬಂದು ಹೋಗುವುದು ರೂಢಿಯಾಗಿತ್ತು. ಅಮ್ಮ ಸಣ್ಣಗೆ, ಚುರುಕಾಗಿ ಮಾತಾಡುವ ಹೆಂಗಸು.

"ಎರಡು ತಿಂಗಳಿಂದ ಊಟಕ್ಕೆ ಕೂತಾಗೆಲ್ಲ ನಿನ್ನ ಮೇಲೆ ದೂರು ಹೇಳ್ತಿದ್ದ ಕಣಮ್ಮಾ," ಅಂದರು ಗಾಲಿಕುರ್ಚಿಯಲ್ಲಿ ಕೂತು. "ಅದು ಕೇಳ್ತಾರೆ, ಇದು ಕೇಳ್ತಾರೆ, ಯಾವುದನ್ನೂ ಸುಮ್ನೆ ನಂಬಲ್ಲ ಅಂತ. ಇಷ್ಟು ದೂರು ಹೇಳೋನಿಗೆ ಹೊಟ್ಟೆ ತುಂಬ ಊಟ ಹೇಗೆ ಸೇರುತ್ತೆ ಅಂತ ನಾನೂ ಯೋಚನೆ ಮಾಡ್ತಿದ್ದೆ."

"ಅಮ್ಮಾ," ಅಂದ ಅವನು.

"ಏನೋ? ಆಪರೇಷನ್ ಆಗಿರೋದು ಎದೆಗೆ, ಬಾಯಿಗಲ್ಲ."

ಕೆಳಗೆ ಟ್ಯಾಕ್ಸಿ ಬಂದಿತ್ತು. ಅಮ್ಮ ಮುಂದೆ ಕೂತರು. ಹಿಂದೆ ತಂಗಿ, ಅವಳ ಪಕ್ಕ ಹಾಸಿಗೆಯ ಗಂಟು, ಔಷಧಿಯ ಚೀಲ, ನೀರಿನ ಕ್ಯಾನು. ಗಂಟನ್ನು ಮಡಿಲಲ್ಲಿ ಇಟ್ಟುಕೊಂಡರೆ ಇನ್ನೊಬ್ಬರಿಗೆ ಜಾಗ ಆಗುತ್ತಿತ್ತು. ಅಮ್ಮ ಬೇಡ ಅಂದರು. "ನೀವಿಬ್ಬರೂ ಆಮೇಲೆ ಬನ್ನಿ. ಅವಸರ ಏನಿಲ್ಲ."

ಗಾಡಿ ಹೋಯಿತು. ಗೇಟಿನ ಹತ್ತಿರ, ಸಂಜೆಯ ಬಿಸಿಲಲ್ಲಿ, ಇಬ್ಬರೇ ನಿಂತರು. ಅವನು ಕೈ ಚಾಚಿದ. ಈ ಸಲ ಅರ್ಧಕ್ಕೆ ನಿಲ್ಲಿಸಲಿಲ್ಲ. ಅವಳ ಬೆರಳುಗಳು ಅವನ ಅಂಗೈಯೊಳಗೆ ಸೇರಿಕೊಂಡವು.

"ಒಂದು ನಿಮಿಷ," ಅಂದು ಅವಳು ಇನ್ನೊಂದು ಕೈಯಲ್ಲಿ ಫೋನ್ ತೆಗೆದಳು. ಅಪ್ಪ ಎರಡನೇ ರಿಂಗಿಗೇ ಎತ್ತಿದರು.

"ಅಪ್ಪಾ, ಭಾನುವಾರ ಮನೇಲಿರ್ತೀರಲ್ವಾ? ಒಬ್ಬರನ್ನ ಕರ್ಕೊಂಡು ಬರ್ತೀನಿ. ನಿಮಗೆ ತೋರಿಸ್ಬೇಕು."

ಆ ಕಡೆ ಪೇಪರು ಮಡಿಸುವ ಸದ್ದು. ಅಪ್ಪ ಕನ್ನಡಕ ತೆಗೆದಿರಬೇಕು ಅಂದುಕೊಂಡಳು.

"ಅಂತೂ!" ಅಂದರು ಅಪ್ಪ.